ಧನುರ್ಮಾಸದ ಮುಂಜಾವು, ಮೌನ ಹಿಡಿದ ಪಿಕಪ್ಪು

ಬ್ರಹ್ಮಾವರದಿಂದ ಬೈಂದೂರಿನವರೆಗೆ ಕಡಲಂಚಿನುದ್ದಕ್ಕೂ ಹಬ್ಬಿರುವ ನಾಡಿನಲ್ಲಿ ಚಳಿಗಾಲವೆಂಬುದು ದೂರದ ನೆಂಟನಿದ್ದಂತೆ. ವರ್ಷಕ್ಕೊಮ್ಮೆ ಬರುತ್ತಾನೆ, ಜಗಲಿಯ ಮೇಲೆ ತುಸು ಹೊತ್ತು ಕುಳಿತಿರುತ್ತಾನೆ, ಬಿಸಿಲೇರುವ ಮೊದಲೇ ಎದ್ದು ಹೋಗುತ್ತಾನೆ. ಡಿಸೆಂಬರ್ ನಡುವಿನಲ್ಲಿ ಧನುರ್ಮಾಸ ಹೊಕ್ಕು, ಸೂರ್ಯೋದಯಕ್ಕೆ ಮೊದಲೇ ದೇವಸ್ಥಾನಗಳ ಗಂಟೆ ಮೊಳಗತೊಡಗಿದಾಗ ಹಿರಿಯರು ತಲೆಗೆ ಮಫ್ಲರ್ ಸುತ್ತಿಕೊಳ್ಳುತ್ತಾರೆ, ನಿಜ. ಆದರೆ ಆಗಲೂ ಉಷ್ಣಮಾಪಕ ಸಾಧಾರಣವಾಗಿ 20 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ಇದನ್ನು ಚಳಿಯೆಂದರೆ ಬೆಂಗಳೂರಿನವರು ನಕ್ಕಾರು.

ಆದರೂ ಇದೇ ಮುಂಜಾವುಗಳಲ್ಲಿ, ಗಂಟೆಯ ನಾದ ಅಡಗುವ ಹೊತ್ತಿಗೆ, ಯಾವುದೋ ಮನೆಯಂಗಳದಿಂದ ಇನ್ನೊಂದು ಸದ್ದು ಕೇಳಿಬರುತ್ತದೆ. ಕುರ್ರ್... ಕುರ್ರ್... ಕುರ್ರ್... ಡೀಸೆಲ್ ಪಿಕಪ್ಪಿನ ಸೆಲ್ಫ್ ತಿರುಗುವ ಸದ್ದು. ಒಂದೆರಡು ಸಲ ಗಟ್ಟಿಯಾಗಿ, ಮೂರನೆಯ ಸಲ ದಣಿದು, ನಾಲ್ಕನೆಯ ಸಲ ನರಳಿದಂತೆ. ಬಳಿಕ ನಿಶ್ಶಬ್ದ. ಆ ನಿಶ್ಶಬ್ದದ ಬೆಲೆ ಅಂಗಳದ ಒಡೆಯನಿಗೆ ಚೆನ್ನಾಗಿ ಗೊತ್ತು. ಪೆಟ್ಟಿಗೆಯಲ್ಲಿ ಮೀನಿದ್ದರೆ ಮಂಜುಗಡ್ಡೆ ಕರಗುತ್ತಿದೆ; ಹೂವಿದ್ದರೆ ಅದು ತಲುಪಬೇಕಾದ ಪೂಜೆಯ ಹೊತ್ತು ಮೀರುತ್ತಿದೆ; ಏನೂ ಇಲ್ಲದಿದ್ದರೂ ತಿಂಗಳ ಕಂತು ತನ್ನ ಪಾಡಿಗೆ ತಾನು ಓಡುತ್ತಲೇ ಇದೆ. ನೆರೆಯವರು ಬೇಲಿಯಾಚೆಯಿಂದ ಸಮಾಧಾನ ಹೇಳುತ್ತಾರೆ: "ಚಳಿ ಅಲ್ದಾ ಮಾರಾಯ್ರೆ, ಗಾಡಿ ಹಿಡ್ಕಂಡಿತ್."

ಪಾಪ, ಚಳಿ! ಈ ಕರಾವಳಿಯಲ್ಲಿ ಅದರಷ್ಟು ನಿರಪರಾಧಿ ಮತ್ತೊಂದಿಲ್ಲ. ಮಳೆಗಾಲವೂ ಉಪ್ಪುಗಾಳಿಯೂ ಒಡೆಯನ ಉದಾಸೀನವೂ ಸೇರಿ ತಿಂಗಳುಗಟ್ಟಲೆ ಮುಚ್ಚಿಟ್ಟ ದೋಷವನ್ನು ಅದು ಒಂದು ಬೆಳಗ್ಗೆ ಬಯಲಿಗೆಳೆಯುತ್ತದೆ, ಅಷ್ಟೆ.

ಇದು ಹೇಗೆಂದು ತಿಳಿಯಬೇಕಾದರೆ ಡೀಸೆಲ್ ಎಂಜಿನ್ನಿನ ಸ್ವಭಾವವನ್ನು ಒಂದಿಷ್ಟು ಅರಿಯಬೇಕು. ಜರ್ಮನಿಯ ರುಡಾಲ್ಫ್ ಡೀಸೆಲ್ 1893ರಲ್ಲಿ ಸ್ವಾಮ್ಯಪತ್ರ ಪಡೆದು, 1897ರಲ್ಲಿ ನಡೆಸಿ ತೋರಿಸಿದ ಈ ಯಂತ್ರದಲ್ಲಿ ಪೆಟ್ರೋಲ್ ಎಂಜಿನ್ನಿನಂತೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಮಕ್ಕಳೂ ಬಲ್ಲರು. ಅದೇ ತತ್ತ್ವ ಇಲ್ಲಿ ಉಗ್ರರೂಪ ತಾಳಿದೆ. ಸಿಲಿಂಡರಿನೊಳಗೆ ಬಂದ ಗಾಳಿಯನ್ನು ಹದಿನೈದು ಇಪ್ಪತ್ತು ಪಟ್ಟು ಕಿರಿದಾದ ಜಾಗಕ್ಕೆ ಒತ್ತಿದಾಗ ಅದು 500 ಡಿಗ್ರಿಗೂ ಮೀರಿ ಕಾಯುತ್ತದೆ. ಆ ಬೆಂಕಿಯಂಥ ಗಾಳಿಗೆ ಡೀಸೆಲ್ಲಿನ ತುಂತುರು ಬಿದ್ದೊಡನೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಗಾಳಿಯನ್ನು ಒತ್ತುವುದು ನಿಧಾನವಾದರೆ ಹುಟ್ಟಿದ ಶಾಖ ತಣ್ಣನೆಯ ಕಬ್ಬಿಣದ ಗೋಡೆಗಳಿಗೆ ಸೋರಿಹೋಗುತ್ತದೆ. ಆದ್ದರಿಂದ ಎಂಜಿನ್ ಏಳದಿದ್ದಾಗ ಕೇಳಬೇಕಾದ ಪ್ರಶ್ನೆಗಳು ಮೂರೇ: ಸೆಲ್ಫ್ ಸಾಕಷ್ಟು ವೇಗವಾಗಿ ತಿರುಗುತ್ತಿದೆಯೆ? ಡೀಸೆಲ್ ಒಳಗೆ ತಲುಪುತ್ತಿದೆಯೆ? ಅಲ್ಲಿ ಅದು ಹೊತ್ತಿಕೊಳ್ಳುವಷ್ಟು ಶಾಖವಿದೆಯೆ?

ಮೂರಕ್ಕೂ ಅರ್ಧ ಉತ್ತರವನ್ನು ಹಿಂಬದಿಯ ಸೈಲೆನ್ಸರೇ ಹೇಳಿಬಿಡುತ್ತದೆ. ಸೆಲ್ಫ್ ತಿರುಗುವಾಗ ಅಲ್ಲಿಂದ ಬಿಳಿಯ ಹೊಗೆ ಬಂದರೆ ಡೀಸೆಲ್ ಒಳಹೋಗುತ್ತಿದೆ, ಆದರೆ ಉರಿಯುತ್ತಿಲ್ಲವೆಂದು ಅರ್ಥ, ಕೊರತೆ ಶಾಖದ್ದು. ಹೊಗೆಯ ಸುಳಿವೇ ಇಲ್ಲದಿದ್ದರೆ ಡೀಸೆಲ್ ಬಂದೇ ಇಲ್ಲ. ಇಷ್ಟನ್ನು ನೋಡಲು ಮೆಕ್ಯಾನಿಕ್ ಬೇಕಿಲ್ಲ, ಟಾರ್ಚು ಹಿಡಿದು ಗಾಡಿಯ ಹಿಂದೆ ನಿಲ್ಲುವ ಮನೆಯ ಮಗಳು ಸಾಕು.

ಬ್ರಹ್ಮಾವರದ ಕಡೆಯಿಂದಲೇ ಆರಂಭಿಸಬಹುದು. ಇಲ್ಲಿಂದ ಒಳನಾಡಿಗೆ ಸರಿದರೆ ಮಂದಾರ್ತಿ. ಐದು ಯಕ್ಷಗಾನ ಮೇಳಗಳನ್ನು ಹೊರಡಿಸುವ ದುರ್ಗಾಪರಮೇಶ್ವರಿಯ ಸನ್ನಿಧಿ ಅಲ್ಲಿದೆ. ಮಳೆ ಕಳೆದ ಮೇಲೆ ಆರಂಭವಾಗುವ ತಿರುಗಾಟ ಮುಂದಿನ ಮಳೆಯ ಹೊಸ್ತಿಲವರೆಗೂ ನಡೆಯುತ್ತದೆ. ಗದ್ದೆಯ ನಡುವೆ ರಂಗಸ್ಥಳ ಏಳುತ್ತದೆ; ದೀಪ, ಧ್ವನಿವರ್ಧಕ, ಕುರ್ಚಿಗಳನ್ನು ಹೊತ್ತು ತಂದ ಪಿಕಪ್ಪುಗಳು ಬದುವಿನ ಪಕ್ಕದಲ್ಲಿ ಇಬ್ಬನಿಗೆ ಮೈಯೊಡ್ಡಿ ನಿಂತಿರುತ್ತವೆ. ಚಾಲಕ ಒಳದೀಪ ಹಚ್ಚಿಟ್ಟು, ಮೊಬೈಲನ್ನು ಚಾರ್ಜಿಗೆ ಹಾಕಿ, ಹಾಡು ಕೇಳುತ್ತ ಒರಗುತ್ತಾನೆ. ರಂಗದ ಮೇಲೆ ಮಹಿಷಾಸುರ ಅಬ್ಬರಿಸುತ್ತಿರುವಾಗ ಇತ್ತ ಬ್ಯಾಟರಿಯ ಪ್ರಾಣ ಹನಿಹನಿಯಾಗಿ ಸೋರುತ್ತದೆ.

ಬೆಳಗಿನ ಜಾವ ಮಂಗಳಪದ ಮುಗಿದು ಜನ ಚಾಪೆ ಸುತ್ತುವ ಹೊತ್ತಿಗೆ ಕೀಲಿ ತಿರುಗಿಸಿದರೆ ಬರುವುದು "ಟಕ್" ಎಂಬ ಒಂದೇ ಸದ್ದು. ಚೆನ್ನಾಗಿ ಚಾರ್ಜಾದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಬೇಕು. 12ಕ್ಕೆ ಇಳಿದಿದ್ದರೆ ಅದರ ಹೊಟ್ಟೆ ಹೆಚ್ಚುಕಡಿಮೆ ಖಾಲಿ. ಆದರೆ ಹೊಸ ಬ್ಯಾಟರಿಗೆ ಹಣ ಸುರಿಯುವ ಮೊದಲು ಬಾನೆಟ್ ಎತ್ತಿ ಅದರ ಎರಡು ತುದಿಗಳನ್ನು ನೋಡುವುದೊಳಿತು. ಕರಾವಳಿಯ ಗಾಳಿಗೆ ಅಲ್ಲಿ ಹಸಿರು ಬಿಳುಪಿನ ಹುಡಿ ಪಾಚಿಯಂತೆ ಬೆಳೆದಿರುತ್ತದೆ. ಬಿಸಿನೀರು ಹೊಯ್ದು ಉಜ್ಜಿ, ಒಣಗಿಸಿ, ಬಿಗಿಮಾಡಿ, ಮೇಲೆ ಒಂದಿಷ್ಟು ವ್ಯಾಸಲಿನ್ ಸವರಿದರೆ ಎಷ್ಟೋ "ಸತ್ತ" ಬ್ಯಾಟರಿಗಳು ಎದ್ದು ಕುಳಿತಿವೆ. ಬ್ಯಾಟರಿಯಿಂದ ಚಾಸಿಗೂ ಎಂಜಿನ್ನಿಗೂ ಹೋಗುವ ಅರ್ತ್ ಪಟ್ಟಿಯನ್ನು ಮಾತ್ರ ಯಾರೂ ನೋಡುವುದಿಲ್ಲ. ಉಪ್ಪು ತಿಂದ ಆ ಪಟ್ಟಿಯೇ ಅರ್ಧ ಶಕ್ತಿಯನ್ನು ನುಂಗಿರುವುದುಂಟು.

ಸೆಲ್ಫ್ ಗಟ್ಟಿಯಾಗಿ ತಿರುಗಿ ಬಿಳಿಹೊಗೆಯೂ ಬರುತ್ತಿದ್ದರೆ ಸಂದೇಹ ಹೀಟರ್ ಪ್ಲಗ್ಗುಗಳ ಮೇಲೆ ಹೋಗಬೇಕು. ಗ್ಲೋ ಪ್ಲಗ್ ಎಂಬುದು ಅದರ ಪುಸ್ತಕದ ಹೆಸರು. ಸಿಲಿಂಡರಿಗೊಂದರಂತೆ ಕುಳಿತು, ಕೀಲಿ ತಿರುಗಿಸಿದ ಕೆಲವು ಕ್ಷಣಗಳಲ್ಲಿ ಕೆಂಡದಂತೆ ಕೆಂಪಗಾಗಿ, ತಣ್ಣನೆಯ ಎಂಜಿನ್ನಿಗೆ ಮೊದಲ ಶಾಖ ಕೊಡುವ ಪುಟ್ಟ ಕಡ್ಡಿಗಳು ಇವು. ಸುರುಳಿಯ ಚಿತ್ರವಿರುವ ಹಳದಿ ದೀಪ ಆರುವವರೆಗೆ ಕಾಯಬೇಕೆಂಬುದು ನಿಯಮ. ಅವಸರದವರು ಕಾಯುವುದಿಲ್ಲ. ಕಾಯುವವರಿಗೂ ಒಂದು ಮೋಸವಿದೆ: ಹಳೆಯ ಗಾಡಿಗಳಲ್ಲಿ ಆ ದೀಪ ಗಡಿಯಾರ ನೋಡಿಕೊಂಡು ಆರುತ್ತದೆಯೇ ಹೊರತು ಪ್ಲಗ್ ಕಾದಿದೆಯೇ ಎಂದು ವಿಚಾರಿಸುವುದಿಲ್ಲ. ನಾಲ್ಕರಲ್ಲಿ ಒಂದು ಸುಟ್ಟಿದ್ದರೆ ಎಂಜಿನ್ ಕುಂಟುತ್ತ, ನಡುಗುತ್ತ, ಹೊಗೆಯುಗುಳುತ್ತ ಏಳುತ್ತದೆ. ಎರಡು ಮೂರು ಸುಟ್ಟಿದ್ದರೆ ಏಳುವುದೇ ಕಷ್ಟ. ಬೇಸಗೆಯುದ್ದಕ್ಕೂ ಸುಟ್ಟ ಪ್ಲಗ್ಗಿನಲ್ಲೇ ಓಡಿದ ಗಾಡಿ ಡಿಸೆಂಬರಿನಲ್ಲಿ ಹಟ ಹಿಡಿಯುವುದು ಇದರಿಂದ. ಪ್ಲಗ್ಗಿನ ತಂತಿ ಬಿಡಿಸಿ, ಬ್ಯಾಟರಿಯ ಪಾಸಿಟಿವ್ ತುದಿಗೂ ಪ್ಲಗ್ಗಿನ ತಲೆಗೂ ನಡುವೆ 12 ವೋಲ್ಟಿನ ಒಂದು ಬಲ್ಬು ಹಿಡಿದರೆ ಪರೀಕ್ಷೆ ಮುಗಿಯಿತು. ಬಲ್ಬು ಉರಿಯದಿದ್ದರೆ ಆ ಪ್ಲಗ್ಗಿನ ಆಯುಸ್ಸು ತೀರಿತೆಂದೇ ತಿಳಿಯಬೇಕು.

ಬ್ರಹ್ಮಾವರ ಬಿಟ್ಟು ಸೀತಾ ನದಿಯನ್ನು ಮಾಬುಕಳದಲ್ಲಿ ದಾಟಿ, ಸಾಲಿಗ್ರಾಮ ಕೋಟಗಳನ್ನು ಹಾದು ಉತ್ತರಕ್ಕೆ ನಡೆದರೆ ಕುಂದಾಪುರ. ಇಂದು ಹೆದ್ದಾರಿಯ ಮೇಲೆ ನಿಮಿಷಗಳಲ್ಲಿ ಮುಗಿಯುವ ಈ ದಾರಿ ಒಂದು ಕಾಲಕ್ಕೆ ಹೊಳೆಗಳಿಂದ ತುಂಡುತುಂಡಾಗಿತ್ತು. ಪ್ರಯಾಣಿಕರು ಒಂದು ದಡದಲ್ಲಿ ಬಸ್ಸಿಳಿದು, ದೋಣಿ ದಾಟಿ, ಇನ್ನೊಂದು ದಡದಲ್ಲಿ ಬೇರೆ ಬಸ್ಸು ಹಿಡಿಯುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಬರ ಬಂದಾಗ ಇದ್ದಲಿನ ಅನಿಲದಿಂದಲೇ ಬಸ್ಸು ಓಡಿಸಿದ ಜಿಲ್ಲೆ ಇದು. ಬೆಳಗಿನ ಮೊದಲ ಬಸ್ಸು ಹೊರಡಬೇಕಾದರೆ ಕ್ಲೀನರ್ ಅದಕ್ಕಿಂತ ಬಹಳ ಮೊದಲೇ ಎದ್ದು ಒಲೆಗೆ ಗಾಳಿ ಹಾಕಬೇಕಿತ್ತು. ಅವನೆದುರು ಇಂದಿನ ಪಿಕಪ್ಪಿನ ಒಡೆಯ ತನ್ನ ಕಷ್ಟ ಹೇಳಿಕೊಳ್ಳಲು ನಾಚಬೇಕು.

ಕುಂದಾಪುರದಲ್ಲಿ ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಕೂಡಿ ಪಂಚಗಂಗಾವಳಿಯಾಗಿ ಕಡಲು ಸೇರುತ್ತವೆ. ಅಳಿವೆಯ ಆಚೆ ದಡದಲ್ಲಿ ಕಣ್ಣಿಗೆ ಕಾಣುವಷ್ಟೇ ದೂರದಲ್ಲಿ ಗಂಗೊಳ್ಳಿಯ ಮೀನು ಬಂದರು. ದೋಣಿಗೆ ಅದು ಕೂಗಳತೆ. ಪಿಕಪ್ಪಿಗಾದರೋ ಹೆಮ್ಮಾಡಿ, ಮುಳ್ಳಿಕಟ್ಟೆಗಳ ಮೇಲೆ ದೊಡ್ಡ ಸುತ್ತು. ಬೆಳಕು ಹರಿಯುವ ಮೊದಲೇ ದಕ್ಕೆಯ ಮೇಲೆ ಪಿಕಪ್ಪುಗಳು ಸಾಲುಗಟ್ಟುತ್ತವೆ. ಬಂಗುಡೆ, ಬೂತಾಯಿ, ಅಂಜಲ್ ಪೆಟ್ಟಿಗೆಗಳಿಗೆ ಮಂಜುಗಡ್ಡೆಯ ಪುಡಿ ಬೀಳುತ್ತದೆ. ಘಟ್ಟದ ಮೇಲಿನ ಸಂತೆಗಳಿಗೆ ಹೊತ್ತಿಗೆ ಸರಿಯಾಗಿ ತಲುಪಿದ ಮೀನಿಗೆ ಒಂದು ಬೆಲೆ, ತಡವಾಗಿ ಹೋದ ಅದೇ ಮೀನಿಗೆ ಇನ್ನೊಂದು. ಏಲಂನಲ್ಲಿ ಗೆದ್ದು ಗಾಡಿಯಲ್ಲಿ ಸೋತವರ ಕಥೆಗಳು ಈ ದಕ್ಕೆಯಲ್ಲಿ ಕಡಮೆಯೇನಿಲ್ಲ.

ಮೀನಿನ ಗಾಡಿಯ ಶತ್ರು ನೀರು, ಅದರಲ್ಲೂ ಉಪ್ಪುನೀರು. ಪೆಟ್ಟಿಗೆಗಳಿಂದ ಸೋರುವ ನೀರು ಚಾಸಿಯ ಸಂದುಗಳಲ್ಲೆಲ್ಲ ಇಳಿದು ತಂತಿಗಳ ಕೂಡುಗಂಟುಗಳನ್ನು ಕೊರೆಯುತ್ತದೆ. ಅದಕ್ಕಿಂತ ಕಪಟಿಯಾದದ್ದು ಕಣ್ಣಿಗೆ ಕಾಣದ ನೀರು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಗಾಳಿಯೇ ಒದ್ದೆ. ಅರ್ಧ ಖಾಲಿಯಿರುವ ಟ್ಯಾಂಕಿನೊಳಗೆ ಹೊಕ್ಕ ಆ ಗಾಳಿ ರಾತ್ರಿ ತಣಿದಾಗ ಟ್ಯಾಂಕಿನ ಗೋಡೆಗೆ ಬೆವರಿನಂತೆ ಕೂಡುತ್ತದೆ. ಡೀಸೆಲ್ಲಿಗಿಂತ ಭಾರವಾದ್ದರಿಂದ ನೀರು ತಳ ಸೇರುತ್ತದೆ. ತಳದಿಂದಲೇ ಎಂಜಿನ್ನಿಗೆ ಕೊಳವೆ ಹೋಗುತ್ತದೆ. ಡೀಸೆಲ್ ಫಿಲ್ಟರಿನ ಕೆಳಗೆ ನೀರು ಬಿಡಲೆಂದೇ ಒಂದು ಸಣ್ಣ ತಿರುಪು ಇರುತ್ತದೆ. ಮಳೆ ನಿಂತ ಮೇಲೆ ಒಮ್ಮೆ ಅದನ್ನು ಸಡಿಲಿಸಿ ಗಾಜಿನ ಲೋಟ ಹಿಡಿದು ನೋಡಿದರೆ, ತಳದಲ್ಲಿ ನೀರು ಬೇರೆ, ಮೇಲೆ ಡೀಸೆಲ್ ಬೇರೆಯಾಗಿ ನಿಂತ ದೃಶ್ಯ ಎಂಥ ಉದಾಸೀನನನ್ನೂ ಎಚ್ಚರಿಸೀತು. ರಾತ್ರಿ ಗಾಡಿ ನಿಲ್ಲಿಸುವಾಗ ಟ್ಯಾಂಕನ್ನು ತುಂಬಿಡುವ ಹಳೆಯ ಚಾಲಕರ ರೂಢಿಯ ಹಿಂದಿರುವುದು ಇದೇ ವಿಜ್ಞಾನ. ಆದರೆ ದಿನದ ದುಡಿಮೆಯಿಂದ ಮರುದಿನದ ಡೀಸೆಲ್ ಹಾಕಿಸುವವನಿಗೆ ತುಂಬಿದ ಟ್ಯಾಂಕು ಒಂದು ಐಷಾರಾಮವೆಂಬುದನ್ನೂ ಒಪ್ಪಬೇಕು.

ಕುಂದಾಪುರದ ಸೇತುವೆಗಳನ್ನು ದಾಟಿದೊಡನೆ ಸಿಗುವ ಹೆಮ್ಮಾಡಿ ಸೇವಂತಿಗೆಗೆ ಹೆಸರಾದ ಊರು. ಇಲ್ಲಿಯ ಗದ್ದೆಗಳಲ್ಲಿ ಅರಳುವ ಪುಟ್ಟ ಹಳದಿ ಹೂವಿಗೆ ಒಂದು ಗೊತ್ತಾದ ಗುರಿಯಿದೆ: ಜನವರಿಯ ಮಕರ ಸಂಕ್ರಮಣಕ್ಕೆ ನಡೆಯುವ ಮಾರಣಕಟ್ಟೆ ಬ್ರಹ್ಮಲಿಂಗೇಶ್ವರನ ಜಾತ್ರೆ. ವರ್ಷದ ಬೆಳೆಗೆ ವರ್ಷದ ಬೆಲೆ ಆ ಒಂದೆರಡು ದಿನಗಳಲ್ಲೇ. ಜಾತ್ರೆಗೆ ಹೂ ಹೊತ್ತು ಹೊರಡಬೇಕಾದ ಪಿಕಪ್ಪು ಅಂಗಳದಲ್ಲಿ ಕೆಟ್ಟು ನಿಂತರೆ ಆ ಮನೆಯ ಸ್ಥಿತಿ ಹೇಗಿರುತ್ತದೆಂಬುದನ್ನು ಊಹಿಸಬಹುದು. ರಾತ್ರಿಯೆಲ್ಲ ಹೂ ಕೊಯ್ದು ಬುಟ್ಟಿ ತುಂಬಿದ ತಾಯಿ ಹೊಸ್ತಿಲಲ್ಲಿ ನಿಂತಿದ್ದಾಳೆ; ಮಗ ಕೀಲಿ ತಿರುಗಿಸಿ ತಿರುಗಿಸಿ ಬೆವೆತಿದ್ದಾನೆ; ಹಿಂಬದಿಯಲ್ಲಿ ನಾಲ್ವರು ತಳ್ಳಿ ಸೋತಿದ್ದಾರೆ. ಕೊನೆಗೆ ಪಕ್ಕದ ಕೇರಿಯ ವಯಸ್ಸಾದ ಮೆಕ್ಯಾನಿಕರನ್ನು ಕರೆತಂದರೆ ಅವರು ಬಾನೆಟ್ಟಿನ ಕಡೆಗೆ ತಲೆಯೂ ಹಾಕದೆ ಗಾಡಿಯ ಹಿಂದೆ ಹೋಗಿ ನಿಲ್ಲುತ್ತಾರೆ.

"ಹ್ವಾಯ್, ಒಂದ್ ಸಲ ಸೆಲ್ಫ್ ಹೊಡೀನಿ ಕಾಂಬ."

ಕುರ್ರ್... ಕುರ್ರ್...

"ಹೊಗೆಯೇ ಬತ್ತಿಲ್ಲ ಅಲ್ದಾ? ಡೀಸೆಲ್ ಮೇಲ್ ಬತ್ತಿಲ್ಲ, ಏರ್ ಹಿಡ್ದಿತ್. ಚಳಿಗೆ ಬೈದ್ರೆ ಎಂತ ಸಿಕ್ತ್ ಮಾರಾಯ್ರೆ?"

ಏರ್ ಹಿಡಿಯುವುದೆಂದರೆ ಇಷ್ಟೆ. ಟ್ಯಾಂಕಿನಿಂದ ಪಂಪಿನವರೆಗಿನ ಕೊಳವೆಯಲ್ಲಿ ಎಲ್ಲೋ ಒಂದು ರಬ್ಬರ್ ಪೈಪು ಸೀಳಿರುತ್ತದೆ, ಇಲ್ಲವೇ ಒಂದು ವಾಷರ್ ಗಟ್ಟಿಯಾಗಿ ಸಂದುಬಿಟ್ಟಿರುತ್ತದೆ. ಹೊರಗೆ ಡೀಸೆಲ್ ಸೋರುವಷ್ಟು ದೊಡ್ಡ ಸಂದಲ್ಲ. ಒಳಗೆ ಗಾಳಿ ಎಳೆದುಕೊಳ್ಳುವಷ್ಟು ಮಾತ್ರ. ಹಗಲೆಲ್ಲ ಓಡುವಾಗ ತೊಂದರೆಯಿಲ್ಲ. ರಾತ್ರಿ ನಿಂತಾಗ ಕೊಳವೆಯೊಳಗಿನ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಹಿಂದಿರುಗುತ್ತದೆ, ಅದರ ಜಾಗದಲ್ಲಿ ಗಾಳಿ ಬಂದು ಕೂರುತ್ತದೆ. ಇಲ್ಲಿ ಮಾತ್ರ ಚಳಿಯದೂ ಒಂದು ಸಣ್ಣ ಪಾಲಿದೆ: ಮುದಿ ರಬ್ಬರು ತಂಪಿಗೆ ಇನ್ನಷ್ಟು ಬಿರುಸಾಗಿ ಕುಗ್ಗುತ್ತದೆ. ಮೆಕ್ಯಾನಿಕರು ಫಿಲ್ಟರಿನ ಮೇಲಿನ ತಿರುಪನ್ನು ಅರ್ಧ ಸುತ್ತು ಸಡಿಲಿಸಿ, ಪಕ್ಕದ ಕೈಪಂಪನ್ನು ಒತ್ತುತ್ತಾರೆ. ಮೊದಲು ಬರಿಯ ನೊರೆ. ಆಮೇಲೆ ಗುಳ್ಳೆ ಬೆರೆತ ಡೀಸೆಲ್. ಕೊನೆಗೆ ಗುಳ್ಳೆಯಿಲ್ಲದ ತಿಳಿಧಾರೆ. ತಿರುಪು ಬಿಗಿದು, ಪಂಪು ಕೈಗೆ ಗಟ್ಟಿಯಾಗುವವರೆಗೆ ಒತ್ತಿ, "ಈಗ ಹೊಡೀನಿ" ಎನ್ನುತ್ತಾರೆ. ಎಂಜಿನ್ ಕೆಮ್ಮಿ, ಕೊಡವಿಕೊಂಡು, ಎದ್ದುಬಿಡುತ್ತದೆ. ತಾಯಿ ಬುಟ್ಟಿಗಳ ಮೇಲೆ ನೀರು ಚಿಮುಕಿಸುತ್ತಾಳೆ. ಮೆಕ್ಯಾನಿಕರು ಮಾತ್ರ ಹೊರಟ ಗಾಡಿಯನ್ನು ತಡೆದು, ಜಾತ್ರೆ ಮುಗಿದೊಡನೆ ಆ ಪೈಪು ಬದಲಿಸಲೇಬೇಕೆಂದು ಎರಡು ಸಲ ಹೇಳುತ್ತಾರೆ. ಎಷ್ಟು ಜನ ಬದಲಿಸುವುದಿಲ್ಲವೆಂಬುದನ್ನು ಅವರು ಬಲ್ಲರು.

ಹೆಮ್ಮಾಡಿಯಿಂದ ಮುಂದೆ ಮರವಂತೆಯಲ್ಲಿ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆ, ನಡುವೆ ಹೆದ್ದಾರಿ. ನೋಡುವ ಕಣ್ಣಿಗೆ ಸ್ವರ್ಗವಾದ ಈ ತಾಣದಲ್ಲಿ ರಾತ್ರಿ ಗಾಡಿ ನಿಲ್ಲಿಸಿದವನ ಬ್ಯಾಟರಿಯ ತುದಿಗಳ ಗತಿಯನ್ನು ಮತ್ತೆ ಹೇಳಬೇಕಾಗಿಲ್ಲ.

ಬೈಂದೂರು ತಲುಪುವ ಹೊತ್ತಿಗೆ ಒತ್ತಿನೆಣೆಯ ಗುಡ್ಡದ ಮೇಲೆ ಬಿಸಿಲು ಬಂದಿರುತ್ತದೆ. 2018ರಲ್ಲಿ ಬ್ರಹ್ಮಾವರದೊಂದಿಗೆ ತಾಲೂಕು ಕೇಂದ್ರವಾದ ಈ ಊರಿನ ಏರು ತಗ್ಗುಗಳು ಚಾಲಕರಿಗೆ ಒಂದು ಹಳೆಯ ಉಪಾಯ ಕಲಿಸಿವೆ: ರಾತ್ರಿ ಗಾಡಿಯನ್ನು ಇಳಿಜಾರಿನಲ್ಲಿ ಮುಖ ಕೆಳಗೆ ಮಾಡಿ ನಿಲ್ಲಿಸುವುದು. ಬೆಳಗ್ಗೆ ಕೀಲಿ ತೆರೆದು, ಎರಡನೆಯ ಗೇರಿನಲ್ಲಿ ಕ್ಲಚ್ ಒತ್ತಿ ಹಿಡಿದು, ಉರುಳಿದ ವೇಗದಲ್ಲಿ ಕ್ಲಚ್ ಬಿಟ್ಟರೆ ಎಂಜಿನ್ ಏಳುತ್ತದೆ. ಉಪಾಯವೇನೋ ಸೊಗಸು. ಆದರೆ ಎಂಜಿನ್ ಏಳುವ ತನಕ ಬ್ರೇಕಿಗೂ ಸ್ಟಿಯರಿಂಗಿಗೂ ಅದರ ನೆರವಿರುವುದಿಲ್ಲ. ಎರಡೂ ಕಲ್ಲಿನಂತೆ ಬಿಗಿಯಾಗಿರುತ್ತವೆ. ಇಳಿಜಾರಿನ ಕೊನೆಯಲ್ಲಿ ಹೆದ್ದಾರಿಯಿದ್ದರೆ ಈ ಸಾಹಸ ಬೇಡ. ಇನ್ನು ಗಾಳಿ ಒಳಹೋಗುವ ಕೊಳವೆಗೆ ಈಥರ್ ಸಿಂಪಡಿಸುವವರಿದ್ದಾರೆ. ಹೀಟರ್ ಪ್ಲಗ್ ಕೆಂಪಗಿರುವ ಎಂಜಿನ್ನಿಗೆ ಅದು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ನನ್ನೇ ಮುರಿಯಬಲ್ಲದು. ಟ್ಯಾಂಕಿನಡಿಯಲ್ಲಿ ಬೆಂಕಿ ಹಚ್ಚುವವರ ವಿಷಯವನ್ನು ಆಡದಿರುವುದೇ ಲೇಸು. ಸೆಲ್ಫನ್ನು ಕೂಡ ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ, ನಡುವೆ ನಿಮಿಷದ ಬಿಡುವು ಕೊಡಬೇಕು. ಕೋಪದಿಂದ ತಿರುಗಿಸಿದವನು ಬ್ಯಾಟರಿಯ ಜೊತೆಗೆ ಸೆಲ್ಫಿನ ಮೋಟರನ್ನೂ ಸುಟ್ಟುಕೊಂಡಾನು.

ಕೈಪಂಪು, ತಿರುಪುಗಳ ಈ ವಿದ್ಯೆಗೂ ಈಗ ಗಡಿ ಬಂದಿದೆ. ಕಾಮನ್ ರೈಲ್ ಎಂಬ ಪದ್ಧತಿಯ ಗಾಡಿಗಳು ಮೊದಲೇ ಬಂದಿದ್ದವು. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಬಿಎಸ್ 6 ನಿಯಮ ಜಾರಿಯಾದ ಮೇಲೆ ಮಾರಾಟವಾಗುವ ಡೀಸೆಲ್ ಪಿಕಪ್ಪುಗಳೆಲ್ಲ ಆ ದಾರಿಗೆ ಬಂದಿವೆ. ಅದರ ಕೊಳವೆಗಳಲ್ಲಿ ಡೀಸೆಲ್ಲಿನ ಒತ್ತಡ ವಾತಾವರಣದ ಒತ್ತಡಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು. ಹಳೆಯ ಅಭ್ಯಾಸದಿಂದ ನೋಜಲ್ ಪೈಪಿನ ನಟ್ಟು ಸಡಿಲಿಸಿದರೆ ಚಿಮ್ಮುವ ಎಳೆ ಚರ್ಮವನ್ನೇ ತೂರಿ ಒಳಹೋದೀತು. ಬ್ಯಾಟರಿ ತೀರ ಸೋತಿದ್ದರೆ ಸೆಲ್ಫ್ ತಿರುಗಿದರೂ ಅದರ ಗಣಕ ಡೀಸೆಲ್ ಬಿಡಲು ಒಪ್ಪದಿರಬಹುದು. ಸೈಲೆನ್ಸರಿನ ಹೊಗೆ ಮಾತ್ರ ಇಲ್ಲಿಯೂ ಸುಳ್ಳು ಹೇಳುವುದಿಲ್ಲ. ಅಷ್ಟು ನೋಡಿಕೊಂಡು, ಬ್ಯಾಟರಿಯ ತುದಿಗಳನ್ನು ಶುಚಿಮಾಡಿ, ಉಳಿದುದನ್ನು ಗಣಕಕ್ಕೆ ತಂತಿ ಜೋಡಿಸಿ ಓದಬಲ್ಲ ಮೆಕ್ಯಾನಿಕರಿಗೆ ಬಿಡುವುದು ಜಾಣತನ.

ಹಾಗಾದರೆ ನಿಜವಾದ ಚಳಿಯೆಂಬುದು ಈ ಗಾಡಿಗಳಿಗೆ ಎದುರಾಗುವುದೇ ಇಲ್ಲವೆ? ಎದುರಾಗುತ್ತದೆ, ಅದಕ್ಕೆ ಘಟ್ಟ ಹತ್ತಬೇಕು. ಬೈಂದೂರಿನಿಂದ ಕೊಲ್ಲೂರಿಗೆ ಹೋಗಿ, ಮೂಕಾಂಬಿಕೆಗೆ ಕೈಮುಗಿದು, ಕಾಡಿನ ತಿರುವುಗಳನ್ನೇರಿದರೆ ನಾಗೋಡಿ. 1,343 ಮೀಟರ್ ಎತ್ತರದ ಕೊಡಚಾದ್ರಿಯ ನೆರಳಿನ ನಾಡು ಅದು. ಮೀನು ಇಳಿಸಿ ಹೊತ್ತಾಗಿ, ನಿಟ್ಟೂರಿನಲ್ಲೋ ನಗರದಲ್ಲೋ ರಾತ್ರಿ ಕಳೆಯುವ ಕರಾವಳಿಯ ಚಾಲಕನಿಗೆ ಬೆಳಗ್ಗೆ ಗಾಜಿನ ಮೇಲೆ ಇಬ್ಬನಿಯ ಪರದೆ ಕಾಣುತ್ತದೆ. 12, 13 ಡಿಗ್ರಿಗೆ ಇಳಿಯುವ ಮುಂಜಾವುಗಳು ಅಲ್ಲಿ ಅಪರೂಪವಲ್ಲ. ಕೆಳಗೆ ಹೇಗೋ ಸಾಗಿಸುತ್ತಿದ್ದ ಮುದಿ ಬ್ಯಾಟರಿ ಇಲ್ಲಿ ಕೈಚೆಲ್ಲುತ್ತದೆ. ಎಂಜಿನ್ ಆಯಿಲ್ ಜೋನಿ ಬೆಲ್ಲದಂತೆ ಮಂದವಾಗುತ್ತದೆ. ಆಯಿಲ್ ಡಬ್ಬಿಯ ಮೇಲೆ 20ಡಬ್ಲ್ಯೂ-40, 15ಡಬ್ಲ್ಯೂ-40 ಎಂದು ಅಚ್ಚಾಗಿರುವುದನ್ನು ಎಲ್ಲರೂ ನೋಡಿರುತ್ತಾರೆ. ಅದರ ಡಬ್ಲ್ಯೂ ಎಂಬುದು ಚಳಿಗಾಲವೆಂಬ ಇಂಗ್ಲಿಷ್ ಪದದ ಮೊದಲಕ್ಷರ. ಅದರ ಹಿಂದಿನ ಅಂಕೆ ಕಿರಿದಾದಷ್ಟೂ ತಂಪಿನಲ್ಲಿ ಆಯಿಲ್ ಸರಾಗವಾಗಿ ಹರಿಯುತ್ತದೆ. ಗಾಡಿ ತಯಾರಿಸಿದವರ ಪುಸ್ತಕ ಒಪ್ಪುವುದಾದರೆ, ಘಟ್ಟದ ಮೇಲೆ ರಾತ್ರಿ ತಂಗುವ ಗಾಡಿಗೆ ಕಿರಿಯ ಅಂಕೆಯದೇ ಹಿತ.

ಡೀಸೆಲ್ಲೇ ಹೆಪ್ಪುಗಟ್ಟಿತೆಂಬ ಮಾತು ಘಟ್ಟದ ಮೇಲೂ ಸಲ್ಲದು. ಚಳಿಗಾಲದ ಡೀಸೆಲ್ 3 ಡಿಗ್ರಿಯವರೆಗೂ ಹರಿಯುವಂತಿರಬೇಕೆಂದು ಭಾರತೀಯ ಮಾನಕ ವಿಧಿಸಿದೆ. ಅದರಲ್ಲಿ ಮೇಣ ಕಟ್ಟುವ ಚಳಿಯನ್ನು ಮಲೆನಾಡು ಕಂಡಿಲ್ಲ. ಅದನ್ನು ಕಾಣಬೇಕಾದರೆ ಲಡಾಖಿಗೆ ಹೋಗಬೇಕು. ಅಲ್ಲಿ ಸಾಮಾನ್ಯ ಡೀಸೆಲ್ ಚಳಿಗಾಲದಲ್ಲಿ ಗಟ್ಟಿಯಾಗುತ್ತದೆಂದೇ 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ವಿಶೇಷ ಡೀಸೆಲ್ಲನ್ನು ಪಾಣಿಪತ್ತಿನ ಸಂಸ್ಕರಣಾಗಾರದಿಂದ ಒದಗಿಸಲಾರಂಭಿಸಿತು. ಭಾರತೀಯ ಸೇನೆಯಲ್ಲಿ ದುಡಿದು ಊರಿಗೆ ಮರಳಿದ ಚಾಲಕರು ಆ ಚಳಿಯ ಕಥೆಗಳನ್ನು ಹೇಳುವಾಗ ಕುಂದಾಪುರದ ಗ್ಯಾರೇಜುಗಳಲ್ಲಿ ಮಫ್ಲರ್ ಸುತ್ತಿಕೊಂಡವರು ಮೆಲ್ಲಗೆ ಅದನ್ನು ಬಿಚ್ಚಿ ಹೆಗಲಿಗೆ ಹಾಕಿಕೊಳ್ಳುತ್ತಾರೆ.

ನಾಗೋಡಿಯಲ್ಲಿ ಎದ್ದ ಎಂಜಿನ್ನನ್ನು ಒಡನೆಯೇ ಓಡಿಸದೆ, ಒಂದೆರಡು ನಿಮಿಷ ಹಾಗೇ ಬಿಟ್ಟು, ಚಾಲಕ ಹಾಳೆಯಿಂದ ಗಾಜಿನ ಇಬ್ಬನಿ ಒರೆಸುತ್ತಾನೆ. ಆಮೇಲೆ ಇಳಿಜಾರು. ತಿರುವು ತಿರುವಿಗೂ ಗಾಳಿ ಬೆಚ್ಚಗಾಗುತ್ತ ಬರುತ್ತದೆ. ಕೊಲ್ಲೂರು ದಾಟಿ ಜಡ್ಕಲ್ ಸಿಗುವಷ್ಟರಲ್ಲಿ ಅವನು ಸ್ವೆಟರ್ ಕಳಚಿ ಸೀಟಿನ ಹಿಂದೆ ಎಸೆದಿರುತ್ತಾನೆ.